ವೈರು ಹಿಡಿದು ಕೂತ ಕಾಕಾ

ಮಗ ಹೊಸ ಕಾರು ತಂದ. ಚಿಕ್ಕೋಡಿಯ ನಮ್ಮ ಮನೆಯ ಮುಂದೆ ನಿಲ್ಲಿಸಿ, ಕಾಯಿ ಒಡೆದು, ಚಕ್ರದಡಿ ನಿಂಬೆಹಣ್ಣು ಇಟ್ಟು, ನನ್ನನ್ನು ಮುಂದಿನ ಸೀಟಿನಲ್ಲಿ ಕೂಡಿಸಿದ. ಕೀಲಿ ತಿರುಗಿಸುವುದೇನೂ ಇಲ್ಲ, ಬರೀ ಒಂದು ಗುಂಡಿ. ಅದನ್ನು ಒತ್ತಿದ್ದೇ ತಡ, ಎಲ್ಲಿಂದಲೋ ಒಬ್ಬ ಹೆಣ್ಣುಮಗಳು ಇಂಗ್ಲಿಷಿನಲ್ಲಿ ಏನೋ ಹೇಳಿದಳು. “ಯಾರೋ ಈಕಿ?” ಎಂದೆ. “ಕಾರ್ ಅಪ್ಪಾ. ಫೋನ್ ಕನೆಕ್ಟ್ ಆತು ಅಂತ ಹೇಳಾಕತ್ತಾಳ” ಎಂದ. ಮರುಗಳಿಗೆಗೆ ಅವನ ಜೇಬಿನಲ್ಲಿದ್ದ ಫೋನಿನ ಹಾಡು ಕಾರಿನ ಎಲ್ಲ ಬಾಗಿಲುಗಳಿಂದಲೂ ಬಂತು. ನಾನು ಸೀಟಿನ ಸಂದಿಯಲ್ಲಿ ತಡಕಾಡಿ, “ವೈರ್ ಎಲ್ಲೈತೋ?” ಎಂದು ಕೇಳಿಬಿಟ್ಟೆ. ಮಗ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ಮನೆಯೊಳಗೆ ಬಂದು ನೀರು ಕುಡಿಯುವಾಗ ಮಾತ್ರ ಆ ಹಳೆಯ ವೈರು ನೆನಪಾಯಿತು.

ವೈರೆಂದರೆ ಎಂಥ ವೈರು ಅಂತೀರಿ? ನೀವು ತೀರ ಚಿಕ್ಕವರಾಗಿದ್ದರೆ ನೋಡಿರಲಿಕ್ಕಿಲ್ಲ. ಥೇಟ್ ಕ್ಯಾಸೆಟ್ಟಿನ ಹಾಗೇ ಇರುತ್ತಿತ್ತು, ಆದರೆ ಒಳಗೆ ರೀಲು ಇಲ್ಲ. ಮೂಲೆಯಿಂದ ಇಲಿಯ ಬಾಲದಷ್ಟು ಸಣ್ಣ ವೈರು ಹೊರಗೆ ಬಂದಿರುತ್ತಿತ್ತು. ಆ ಕ್ಯಾಸೆಟ್ಟನ್ನು ಗಾಡಿಯ ಟೇಪಿನೊಳಗೆ ತುರುಕಿ, ಬಾಲದ ತುದಿಯನ್ನು ವಾಕ್‌ಮನ್ನಿಗೆ ಚುಚ್ಚಿದರೆ, ವಾಕ್‌ಮನ್ನಿನಲ್ಲಿ ಓಡುವ ಹಾಡು ಗಾಡಿಯ ಸ್ಪೀಕರಿನಲ್ಲಿ ಕೇಳುತ್ತಿತ್ತು. ಮಿರಜಿನ ಅಂಗಡಿಯವನು ಇದನ್ನು ತೋರಿಸಿದಾಗ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನೇ ನಂಬಿರಲಿಲ್ಲ. ಅಲ್ಲಿಯೇ ಹಚ್ಚಿ ತೋರಿಸೆಂದು ಅವನ ಜೀವ ತಿಂದಿದ್ದೆ.

ಮಿರಜಿಗೆ ಹೋಗುತ್ತಿದ್ದದ್ದು ಅಂಗಡಿಗಾಗಿ ಅಲ್ಲ. ಕಾಗವಾಡ, ಅಥಣಿ, ರಾಯಬಾಗದ ಕಡೆಯ ಮಂದಿಗೆ ದೊಡ್ಡ ಬೇನೆ ಬಂದರೆ ಗಡಿಯಾಚೆಯ ಮಿರಜಿನ ದವಾಖಾನೆಗಳೇ ಗತಿ. ನಮ್ಮಪ್ಪನಿಗೆ ಗಂಟಲಿನಲ್ಲಿ ಗಂಟಾಗಿತ್ತು. ನಿಪ್ಪಾಣಿಯ ತಂಬಾಕನ್ನು ಸುಣ್ಣದೊಡನೆ ತಿಕ್ಕಿ ಬಾಯಿಗಿಟ್ಟುಕೊಳ್ಳದೆ ಅವನಿಗೆ ಹೊಲಕ್ಕೆ ಹೋಗಲು ಕಾಲೇ ಏಳುತ್ತಿರಲಿಲ್ಲ. ಡಾಕ್ಟರು ಗಂಟಲು ಕೊಯ್ದರು, ಆಮೇಲೆ ಕರೆಂಟು ಕೊಡಿಸಬೇಕೆಂದರು. ನಮ್ಮ ಕಡೆ ವಿಕಿರಣದ ಚಿಕಿತ್ಸೆಗೆ ಹಾಗೇ ಅನ್ನುವುದು. ಹೀಗೆ ಬಾಡಿಗೆ ಗಾಡಿ ಓಡಿಸುವ ಬಾಬುನ ವ್ಯಾನಿನಲ್ಲಿ ಅಪ್ಪ, ಅವ್ವ, ನಾನು ಮೇಲಿಂದ ಮೇಲೆ ಹೋಗಿ ಬರತೊಡಗಿದೆವು. ರಾಯಬಾಗದ ಆಚೆಯ ನಮ್ಮೂರಿನಿಂದ ಹೊರಟು, ಕುಡಚಿಯ ಸೇತುವೆ ದಾಟಿ, ಉಗಾರ, ಕಾಗವಾಡ, ಆಮೇಲೆ ಮಿರಜ. ಬಾಬು ಕಾಗವಾಡದವನು, ಅರ್ಧ ಕನ್ನಡ ಅರ್ಧ ಮರಾಠಿ. ಎಂಥ ಹೊತ್ತಿನಲ್ಲೂ “ಟೆನ್ಶನ್ ಘೇವೂ ನಕಾ ಸರ್, ಆರಾಮ ಆಕ್ಕಾರ” ಎಂದು ಚಿಂತೆ ಬಿಡಿಸುವವನು.

ಅಪ್ಪನ ದನಿ ಹೋಗಿಬಿಟ್ಟಿತ್ತು. ಬೇರೆ ಯಾರ ದನಿ ಹೋಗಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲವೇನೋ. ಅಪ್ಪ ಭಜನೆಯವನು. ಅವನು ಒಂದು ಸಾಲು ಎತ್ತಿಕೊಟ್ಟರೆ ಅದನ್ನು ಹಿಡಿದು ತಿರುಗಿ ಹೇಳುವವನು ಅವನ ತಮ್ಮ, ನನ್ನ ಕಾಕಾ. ಕೊಕಟನೂರಿನಿಂದ ಹಿಡಿದು ಎಲ್ಲೆಲ್ಲಿಂದಲೋ ಅಣ್ಣತಮ್ಮರನ್ನು ಕರೆಯಲು ಬರುತ್ತಿದ್ದರು. ಅಪ್ಪ ಸಾಲನ್ನು ಎಲ್ಲಿ ಬಿಡುತ್ತಾನೆ, ಎಲ್ಲಿ ಎಳೆಯುತ್ತಾನೆ ಎಂಬುದು ಕಾಕಾನಿಗೆ ಅಪ್ಪನಿಗಿಂತ ಮೊದಲೇ ಗೊತ್ತಾಗುತ್ತಿತ್ತು ಎಂದು ಮಂದಿ ಆಡಿಕೊಳ್ಳುತ್ತಿದ್ದರು.

ಅಂಥವರ ನಡುವೆ ಬಾವಿಯ ನೀರು ಬಂತು. ಇಬ್ಬರ ಕಬ್ಬಿಗೂ ಒಂದೇ ಬಾವಿ, ಪಾಳಿಯ ಮೇಲೆ ನೀರು. ಒಂದು ಬೇಸಿಗೆ ಪಾಳಿ ತಪ್ಪಿತು. ಕಾಕಾನ ಕಬ್ಬು ಒಣಗಿತು. ಬಾವಿಯ ದಂಡೆಯ ಮೇಲೆ ಅಣ್ಣತಮ್ಮರು ಆಡಬಾರದ್ದೆಲ್ಲ ಆಡಿದರು. ಕಾಕಾ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ತೋಟದ ಮನೆಗೆ ಹೋದವನು ನಮ್ಮ ಹೊಸ್ತಿಲು ತುಳಿಯಲಿಲ್ಲ, ಭಜನೆಗೂ ಬರಲಿಲ್ಲ. ಅಪ್ಪನ ಗಂಟಲು ಕೊಯ್ದ ಸುದ್ದಿ ತೋಟಕ್ಕೆ ಮುಟ್ಟಿದಾಗಲೂ ಬರಲಿಲ್ಲ. ಅಪ್ಪ ದವಾಖಾನೆಯ ಕಾಟಿನ ಮೇಲೆ ಮಲಗಿ ಬಾಗಿಲು ತೆರೆದಾಗಲೆಲ್ಲ ಆ ಕಡೆ ನೋಡುತ್ತಿದ್ದ. ಯಾರ ದಾರಿ ಕಾಯುತ್ತಿದ್ದಾನೆಂದು ನಮಗೆ ಹೇಳಬೇಕಾಗಿರಲಿಲ್ಲ.

ನಮ್ಮ ಮನೆಯಲ್ಲಿ ಒಂದೇ ಒಂದು ಕ್ಯಾಸೆಟ್ಟು ಇತ್ತು. ಅಲಖನೂರಿನಲ್ಲಿ ಬೀಗರ ಹೊಸ ಮನೆಯ ವಾಸ್ತುವಿಗೆ, ಅಂದರೆ ಗೃಹಪ್ರವೇಶಕ್ಕೆ, ಭಜನೆಯಾದಾಗ ಯಾರೋ ಟೇಪು ಮಾಡಿಕೊಟ್ಟದ್ದು. ಅಪ್ಪ ಅದನ್ನು ವ್ಯಾನಿನಲ್ಲಿ ಹಚ್ಚೆಂದು ಕೈಸನ್ನೆ ಮಾಡಿದ. ಹಚ್ಚಿದೆವು. ವ್ಯಾನಿನ ಟೇಪು ಬಹಳ ಹಳೆಯದು, ಹತ್ತು ಮಾರು ಹೋಗುವಷ್ಟರಲ್ಲಿ ರೀಲು ನುಂಗಿತು. ಬಾಬು ಗಾಡಿ ನಿಲ್ಲಿಸಿ, ಪೆನ್ಸಿಲ್ಲು ತುರುಕಿ, ಉಸಿರು ಬಿಗಿಹಿಡಿದು ಅದನ್ನು ಬಿಡಿಸಿ ಸುತ್ತಿಕೊಟ್ಟ. ಮತ್ತೆ ಅದರ ಬಾಯಿಗೆ ಕೊಡುವ ಧೈರ್ಯ ನಮಗಾಗಲಿಲ್ಲ. ನನ್ನ ವಾಕ್‌ಮನ್ನಿನಲ್ಲಿ ಅದು ಚೆನ್ನಾಗಿ ಓಡುತ್ತಿತ್ತು. ಆದರೆ ಅಪ್ಪನ ಕಿವಿಯ ಕೆಳಗೆಲ್ಲ ಕರೆಂಟಿನಿಂದ ಚರ್ಮ ಸುಟ್ಟು ಹೋಗಿತ್ತು, ಇಯರ್‌ಫೋನು ತಾಗಿಸುವಂತಿರಲಿಲ್ಲ. ಹಾಗಾಗಿ ನಾನು ಅಂಗಡಿಗೆ ಹೋದೆ, ಬಾಲದ ಕ್ಯಾಸೆಟ್ಟು ತಂದೆ.

ಮೊದಲ ದಿನ ನಮ್ಮ ಅವತಾರ ನೋಡಬೇಕಿತ್ತು. ಕ್ಯಾಸೆಟ್ಟು ತುರುಕಿದೆ, ಬರೀ ಸುಯ್ ಎನ್ನುವ ಸದ್ದು. ತಿರುವಿ ತುರುಕಿದೆ, ಮತ್ತೂ ಸುಯ್. ಬಾಬು ಸ್ಪೀಕರಿಗೆ ಗುದ್ದಿದ. ನಾನು ವಿದ್ಯುತ್ತು, ಕಾಂತಕ್ಷೇತ್ರ ಎಂದೆಲ್ಲ ಶುರು ಮಾಡಿದೆ. ಹಿಂದೆ ಕೂತಿದ್ದ ಅಪ್ಪ ಸೀಟು ಬಡಿಯುತ್ತಿದ್ದ, ನಮಗೆ ಲಕ್ಷ್ಯವೇ ಇಲ್ಲ. ಕೊನೆಗೆ ಅವನೇ ಮುಂದೆ ಬಾಗಿ, ನನ್ನ ತೊಡೆಯ ಮೇಲಿದ್ದ ವಾಕ್‌ಮನ್ನಿನ ಗುಂಡಿ ಒತ್ತಿದ. ನಾನು ಅದನ್ನು ಚಾಲೂ ಮಾಡಿಯೇ ಇರಲಿಲ್ಲ. ಅವ್ವ, “ಇಂವಾ ಸಾಲಿ ಕಲಿಸ್ತಾನಂತ!” ಎಂದು ಹಣೆ ಬಡಿದುಕೊಂಡಳು. ದವಾಖಾನೆ ಶುರುವಾದ ಮೇಲೆ ಅಪ್ಪ ನಕ್ಕಿದ್ದು ಅವತ್ತೇ.

ಆಮೇಲೆ ಟೇಪು ಹಾಡಿತು. ಅಪ್ಪನ ಸಾಲು ಬರುವಾಗ ಅವನು ಕಿಟಕಿಯ ಹೊರಗೆ ಕಬ್ಬು ನೋಡುತ್ತಿದ್ದ. ಕಾಕಾನ ದನಿ ಬಂದಾಗ ಕಣ್ಣು ಮುಚ್ಚುತ್ತಿದ್ದ. ಅಷ್ಟು ದಿನ ನಾವು, ಪಾಪ, ತನ್ನ ಕಳೆದುಹೋದ ದನಿ ಕೇಳಬೇಕೆಂದು ಹಂಬಲಿಸುತ್ತಾನೆ ಎಂದುಕೊಂಡಿದ್ದೆವು. ಅವನಿಗೆ ಬೇಕಾಗಿದ್ದದ್ದು ತಮ್ಮನ ದನಿ. ಕಿವಿಯೂ ಮಂದವಾಗಿತ್ತು, ಇನ್ನೂ ಜೋರು, ಇನ್ನೂ ಜೋರು ಎಂದು ಕೈ ಎತ್ತುತ್ತಿದ್ದ. ವಾಕ್‌ಮನ್ನಿನದೂ ವ್ಯಾನಿನದೂ ಎರಡೂ ದನಿ ಏರಿಸಿ, ಸೆಕೆಗೆ ಕಿಟಕಿಗಳನ್ನೆಲ್ಲ ತೆರೆದು, ನಾವು ಊರಿನ ದಾರಿ ಹಿಡಿದೆವು.

ಇಲ್ಲಿ ನಿಮಗೊಂದು ಮಾತು ಹೇಳಬೇಕು. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಮಣ್ಣಾಗುವ ತನಕ ಹೆಣದ ಮುಂದೆ ಭಜನೆ ನಿಲ್ಲಬಾರದು. ಮಿರಜಿನಲ್ಲಿ ಪ್ರಾಣ ಹೋದವರನ್ನು ತರುವ ಗಾಡಿಗಳು ಆಗ ಭಜನೆಯ ಕ್ಯಾಸೆಟ್ಟು ಹಚ್ಚಿಕೊಂಡೇ ಬರುತ್ತಿದ್ದವು. ಆ ಸದ್ದು ಕೇಳಿದರೆ ಸಾಕು, ಊರಿನವರಿಗೆ ತಿಳಿಯುತ್ತಿತ್ತು. ಅದು ನನಗೂ ಗೊತ್ತು, ಬಾಬುಗೂ ಗೊತ್ತು, ಅವ್ವನಿಗಂತೂ ಗೊತ್ತೇ ಗೊತ್ತು. ಆದರೆ ಅಪ್ಪ ನಮ್ಮ ನಡುವೆ ಕೂತು ತೊಡೆಯ ಮೇಲೆ ತಾಳ ಹಾಕುತ್ತಿರುವಾಗ ಯಾರಿಗೆ ಅದರ ನೆನಪಾಗಬೇಕು?

ಊರಬಾಗಿಲಿನ ಅಗಸಿಯ ಕಟ್ಟೆಯ ಮೇಲಿದ್ದವರೆಲ್ಲ ಎದ್ದು ನಿಂತರು. ಟೋಪಿ ತೆಗೆದರು. ‘ಏನು ಮರ್ಯಾದಿ ಬಂತಪ್ಪ ನಮಗ’ ಎಂದು ನಾನು ಒಳಗೊಳಗೇ ಉಬ್ಬಿದೆ. ಮನೆಯ ಮುಂದೆ ವ್ಯಾನು ನಿಲ್ಲುವಷ್ಟರಲ್ಲಿ ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಬಂದು ಅಳತೊಡಗಿದರು. ಅವ್ವ ಕೆಳಗಿಳಿದಳು. ಓಣಿಯಲ್ಲಿ ಬೇರೆ ಯಾರೋ ಸತ್ತಿದ್ದಾರೆ ಎಂದುಕೊಂಡಳು ಪುಣ್ಯಾತ್ಮಳು. ಮೊದಲು ಅತ್ತು ಆಮೇಲೆ ವಿಚಾರಿಸುವುದು ನಮ್ಮ ಓಣಿಯ ರೀತಿ. ಅವರ ಕೊರಳಿಗೆ ಬಿದ್ದು ತಾನೂ ಅತ್ತಳು. ಸ್ವಲ್ಪ ಹೊತ್ತಿಗೆ ಮೂಗು ಒರೆಸಿಕೊಂಡು, “ಯಾರ ಹ್ವಾದ್ರವಾ?” ಎಂದು ಕೇಳಿದಳು. ಅವರು ಮುಖ ಮುಖ ನೋಡಿಕೊಂಡರು.

ಅಷ್ಟರಲ್ಲಿ ಕಾಕಾ ಬಂದ. ಯಾರೋ ಸೈಕಲ್ಲಿನ ಮೇಲೆ ತೋಟಕ್ಕೆ ಓಡಿ ಹೇಳಿದ್ದರು. ಕಬ್ಬಿಗೆ ನೀರು ಹಾಯಿಸುತ್ತಿದ್ದವನು ಹಾಗೇ ಓಡಿ ಬಂದಿದ್ದ, ಕಾಲಲ್ಲಿ ಚಪ್ಪಲಿ ಇಲ್ಲ, ಮೊಣಕಾಲಿನ ತನಕ ಕೆಸರು. ಯಾರ ಕಡೆಯೂ ನೋಡಲಿಲ್ಲ. ವ್ಯಾನಿನೊಳಗೆ ತಲೆ ಹಾಕಿ ಅಪ್ಪನ ಕಾಲ ಮೇಲೆ ಬಿದ್ದ.

“ಅಣ್ಣಾ, ಒಂದ ಮಾತ ಆಡದ ಹ್ವಾದ್ಯಲ್ಲೋ! ನೀರು ಸುಡ್ಲಿ, ಕಬ್ಬ ಸುಡ್ಲಿ! ನಾ ಬರಬೇಕಾಗಿತ್ತೋ ಅಣ್ಣಾ, ನಾ ಬರಬೇಕಾಗಿತ್ತು...”

ಅಪ್ಪ ಅವನ ತಲೆಯ ಮೇಲೆ ಕೈ ಇಟ್ಟ.

ಕಾಕಾನ ಅಳು ನಿಂತಿತು. ಮೆಲ್ಲಗೆ ಮುಖ ಎತ್ತಿದ. “ಅದೀಯೇನು?” ಎಂದ. ಅಪ್ಪ ಹೂಂ ಎನ್ನುವಂತೆ ತಲೆಯಾಡಿಸಿದ. ಕಣ್ಣಿನಲ್ಲಿ ದಳದಳ ನೀರು. ಟೇಪಿನಲ್ಲಿ ಕಾಕಾನದೇ ಎಳೆಯ ದನಿ ಅಪ್ಪನ ಸಾಲನ್ನು ಹಿಡಿದು ಹೇಳುತ್ತಲೇ ಇತ್ತು. ಕಾಕಾ ಎದ್ದವನೇ ಸಿಟ್ಟನ್ನೆಲ್ಲ ನನ್ನ ಮೇಲೆ ತೀರಿಸಿದ. “ಲೇ ಮಾಸ್ತರಾ, ಇದ್ದ ಮನಿಶ್ಯಾನ್ನ ಕುಂಡ್ರಿಸಿಕೊಂಡ ಭಜನಿ ಹಚಗೊಂಡ ಬರ್ತಾರೇನಲೇ? ಬುದ್ಧಿ ಐತಿಲ್ಲ ನಿನಗ?” ಎಂದು ಬೈದ, ಬೈಯುತ್ತಲೇ ಮತ್ತೆ ಅತ್ತ. ಆಮೇಲೆ ಅಣ್ಣನ ಬಗಲಿಗೆ ಕೈ ಕೊಟ್ಟು ಇಳಿಸಿ, ನಮ್ಮ ಹೊಸ್ತಿಲು ದಾಟಿ ಒಳಗೆ ಕರೆದೊಯ್ದ. ಅವ್ವ ಕಾಲಿಗೆ ನೀರು ಕೊಟ್ಟಳು. ನೀರಿನ ಪಾಳಿಯ ಮಾತು ಅವತ್ತೂ ಬರಲಿಲ್ಲ, ಮುಂದೆಯೂ ಬರಲಿಲ್ಲ.

ಮುಂದಿನ ಸಲದಿಂದ ವ್ಯಾನಿನಲ್ಲಿ ಕಾಕಾನೂ ಬಂದ. ಬಾಲದ ಕ್ಯಾಸೆಟ್ಟಿಗೆ ಅಷ್ಟರಲ್ಲಿ ಕಾಯಿಲೆ ಶುರುವಾಗಿತ್ತು. ವೈರನ್ನು ಒಂದು ಕಡೆಗೆ ಬಾಗಿಸಿ ಹಿಡಿದರಷ್ಟೇ ಹಾಡು, ಬಿಟ್ಟರೆ ಕರಕರ. ಆ ಕೆಲಸ ಕಾಕಾ ತಾನೇ ವಹಿಸಿಕೊಂಡ. ವಾಕ್‌ಮನ್ನನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಕೈಯಲ್ಲಿ ವೈರು, ಇನ್ನೊಂದು ಕೈಯಲ್ಲಿ ಅಣ್ಣನ ಕೈ ಹಿಡಿದು ಕೂಡುತ್ತಿದ್ದ. ಹೊಸದು ತರುತ್ತೇನೆಂದರೆ, “ಬ್ಯಾಡ ಬಿಡ, ಕೈಗೊಂದ ಕೆಲಸ ಇರ್ಲಿ” ಅನ್ನುತ್ತಿದ್ದ. ಟೇಪಿನಲ್ಲಿ ಅಪ್ಪನ ಸಾಲು ಬರುವಾಗ ಅಪ್ಪನ ತುಟಿ ಅಲ್ಲಾಡುತ್ತಿತ್ತು, ದನಿಯಿಲ್ಲ. ಆ ಸಾಲನ್ನು ಹಿಡಿದು ಕಾಕಾ ಮೆಲ್ಲಗೆ ತಿರುಗಿ ಹೇಳುತ್ತಿದ್ದ. ಮುಂದಿನ ಸೀಟಿನಲ್ಲಿ ಕೂತ ನಾನು ಹಿಂದೆ ತಿರುಗಿ ನೋಡುತ್ತಿರಲಿಲ್ಲ. ನನ್ನಿಂದ ಆಗುತ್ತಿರಲಿಲ್ಲ. ಊರಿನವರಿಗೂ ಆ ಹಾಡು ರೂಢಿಯಾಯಿತು. ಕಟ್ಟೆಯ ಮೇಲಿನವರು ಏಳುವುದನ್ನು ಬಿಟ್ಟು, ಕೂತಲ್ಲಿಂದಲೇ ಕೈ ಎತ್ತುತ್ತಿದ್ದರು.

ಸಕ್ಕರೆ ಕಾರ್ಖಾನೆಗಳ ಹಂಗಾಮು ಶುರುವಾಗಿದ್ದ ದಿನಗಳಲ್ಲಿ ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನು ಮನೆಯಲ್ಲೇ ಇರಲಿ ಎಂದರು. ಅವತ್ತು ಮರಳುವಾಗ ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು, ವ್ಯಾನು ನಿಂತು ನಿಂತು ಸಾಗುತ್ತಿತ್ತು. ಉಗಾರ ದಾಟಿ ಸೇತುವೆಯ ಮೇಲೆ ಬಂದಾಗ ಹಾಡು ಒಮ್ಮೆಲೇ ನಿಂತಿತು. ವೈರು ಸಡಿಲಾಯಿತೆಂದುಕೊಂಡು ತಿರುಗಿದೆ. ಕಾಕಾ ವೈರನ್ನು ವಾಕ್‌ಮನ್ನಿನಿಂದ ಕಿತ್ತು ಕೈಯಲ್ಲಿ ಹಿಡಿದಿದ್ದ. ಅಪ್ಪನ ತಲೆ ಅವನ ಹೆಗಲ ಮೇಲಿತ್ತು.

“ತುಟಿ ನಿಂತಾವು” ಎಂದ.

ಬಾಬುನ ಟೆನ್ಶನ್ ಘೇವೂ ನಕಾ ಅವತ್ತು ಬರಲಿಲ್ಲ. ಗಾಡಿ ನಿಲ್ಲಿಸಿ ಸ್ಟೇರಿಂಗಿನ ಮೇಲೆ ಹಣೆಯಿಟ್ಟ. ಅವ್ವ ಅಳಲು ಬಾಯಿ ತೆರೆದಾಗ ಕಾಕಾ ಅತ್ತಿಗೆಯ ಕೈ ಒತ್ತಿ, “ಮನಿ ಮುಟ್ಟೋ ಮಟಾ ತಡಿಯಬೇ ವೈನಿ. ಅಂವಾ ಒಂದ ಸಲ ಅತ್ತ ಮಂದೀನ ನೋಡ್ಯಾನ, ಮತ್ತ ಬ್ಯಾಡ” ಎಂದ. ಹಾಡಿಲ್ಲದೆ, ಅಳುವಿಲ್ಲದೆ ಊರು ಹೊಕ್ಕೆವು. ಕಟ್ಟೆಯ ಮೇಲಿದ್ದವರು ಮಾತು ನಿಲ್ಲಿಸಲಿಲ್ಲ. ಒಬ್ಬರು ಕೈ ಎತ್ತಿ, “ಹೆಂಗದಾರ್ರಿ?” ಎಂದು ಕೂಗಿದರು. ಕಾಕಾನೂ ಕೈ ಎತ್ತಿದ. ಯಾರೂ ಏಳಲಿಲ್ಲ, ಯಾರೂ ಟೋಪಿ ತೆಗೆಯಲಿಲ್ಲ. ಬದುಕಿದ್ದಾಗ ಎದ್ದು ನಿಂತ ಊರು, ಅವನು ನಿಜವಾಗಿ ಹೋದ ದಿನ ಕೂತೇ ಇತ್ತಲ್ಲ ಎಂದು ಇವತ್ತಿಗೂ ನೆನೆಯುತ್ತೇನೆ. ಅವರ ತಪ್ಪೇನೂ ಇರಲಿಲ್ಲ.

ಕಾಕಾ ಮತ್ತೆ ಭಜನೆಗೆ ಕೂಡಲಿಲ್ಲ. ಕರೆದರೆ, “ಎತ್ತಿಕೊಡಾಂವಾ ಇಲ್ಲ, ನಾ ಏನ್ ಹಿಡೀಲಿ?” ಅನ್ನುತ್ತಿದ್ದ. ಈಗ ಅವನಿಗೆ ಪೂರಾ ವಯಸ್ಸಾಗಿದೆ, ಕಿವಿಯೂ ಹೋಗಿದೆ.

ಮೊನ್ನೆ ಹೊಸ ಕಾರಿನಲ್ಲಿ ಮಗನೂ ನಾನೂ ಅವನನ್ನು ನೋಡಲು ಹೋದೆವು. ಆ ಕ್ಯಾಸೆಟ್ಟಿನ ಹಾಡನ್ನು ಮಗ ಎಲ್ಲಿಯೋ ಕೊಟ್ಟು ಫೋನಿಗೆ ಹಾಕಿಸಿಕೊಂಡಿದ್ದಾನೆ. ಊರು ಹತ್ತಿರವಾದಾಗ ಅದನ್ನೇ ಹಚ್ಚೆಂದೆ, ಜೋರಾಗಿ ಹಚ್ಚೆಂದೆ. ಕಟ್ಟೆಯ ಮೇಲೆ ಕಾಕಾ ಒಬ್ಬನೇ ದಾರಿಗೆ ಬೆನ್ನು ಮಾಡಿ ಕೂತಿದ್ದ. ಆಚೆ ತುದಿಯಲ್ಲಿ ಮೂರ್ನಾಲ್ಕು ತರುಣರು ಫೋನು ನೋಡುತ್ತಿದ್ದರು. ಕಾರು ಬಗಲಿಗೇ ಬಂದು ನಿಂತರೂ ಕಾಕಾ ತಿರುಗಲಿಲ್ಲ. ಇಳಿದು ಹೆಗಲು ಮುಟ್ಟಿದೆ.

“ಬಂದೇನಪಾ, ಮಾಸ್ತರಾ” ಎಂದು ನನ್ನ ಮುಖ ಸವರಿದ. ಕಾರಿನ ಕಡೆ ನೋಡಿ, “ಹುಡುಗ ಗೋಣ ಅಲ್ಲಾಡಸಾಕತ್ತಾನಲ್ಲ, ಏನ್ ಹಚ್ಚ್ಯಾನ?” ಎಂದ.

ಕಿವಿಗೆ ಬಾಯಿ ಹಚ್ಚಿ ಕೂಗಿದೆ: “ಅಲಖನೂರಿನ ಭಜನಿ, ಕಾಕಾ! ಅಪ್ಪಂದು, ನಿಂದು!”

ಅವನು ಕಾರಿನ ಕಡೆ ಮತ್ತೊಮ್ಮೆ ನೋಡಿದ. ಆಮೇಲೆ ಕಟ್ಟೆಯ ಆ ಕಡೆ ಈ ಕಡೆ ಕಣ್ಣಾಡಿಸಿ, ನನ್ನ ತೋಳು ಹಿಡಿದು, “ಬಂದ್ ಮಾಡಾಕ ಹೇಳಪಾ. ಮಂದಿ ಏನರ ತಿಳಕೊಂಡಾರು” ಎಂದ.

ನಾನು ಮಗನಿಗೆ ಕೈ ಮಾಡಿದೆ. ಹಾಡು ನಿಂತಿತು. ಕಾಕಾ ನನ್ನ ತೋಳು ಬಿಡದೆ, ಮುಖವನ್ನೇ ನೋಡುತ್ತ ಕೇಳಿದ:

“ಬಂದ್ ಆತೇನು?”