ಒಂಟಿ ಬಂಡೆಯ ಮೂರು ಗೆರೆ

ನನ್ನ ತವರಿಗೂ ಗಂಡನ ಊರಿಗೂ ನಡುವೆ ಒಂದು ಗುಡ್ಡ. ಆಚೆ ಕೊಳ್ಳೇಗಾಲದ ಕಡೆ ಮದ್ರಾಸು, ಈಚೆ ಯಳಂದೂರಿನ ಕಡೆ ಮೈಸೂರು ಎನ್ನುತ್ತಿದ್ದರು ಹಿರಿಯರು. ಐವತ್ತಾರರಲ್ಲಿ ಎರಡೂ ಒಂದೇ ರಾಜ್ಯವಾಯಿತು. ಗುಡ್ಡಕ್ಕೆ ಅದೇನು ಗೊತ್ತು, ಅದು ಕೂತಲ್ಲೇ ಕೂತಿತ್ತು. ನೆತ್ತಿಯ ಮೇಲೆ ಒಂಟಿ ಬಂಡೆ, ಎರಡೂ ಊರಿಗೆ ಕಾಣುವಂತೆ.

ಮದುವೆಯಾಗಿ ಹೊರಟಾಗ ಅಪ್ಪ ಹೇಳಿದ್ದ: "ಬೇಜಾರಾದ್ರೆ ಆ ಬಂಡೆ ನೋಡವ್ವ. ನಾನೂ ಈ ಕಡೆಯಿಂದ ನೋಡ್ತಿರ್ತೀನಿ."

ಬೇಜಾರು ದಿನಾ ಆಗುತ್ತಿತ್ತು. ನೋಡುತ್ತಿದ್ದೆ.

ಕೆಲವು ವರ್ಷಕ್ಕೆ ರಸ್ತೆಗೆ ಜಲ್ಲಿ ಬೇಕೆಂದು ಗುಡ್ಡ ಒಡೆಯಲು ಬಂದರು. ಒಂದು ಭಾನುವಾರ ಸೌದೆಗೆ ಹೋದವಳು ಕಂಡೆ: ಮೇಸ್ತ್ರಿ ಸುಣ್ಣದ ಬಕೆಟ್ಟು ಹಿಡಿದು, ಸಿಡಿಸಬೇಕಾದ ಕಲ್ಲುಗಳಿಗೆ ಗುರುತು ಹಾಕುತ್ತಿದ್ದ. ಒಂಟಿ ಬಂಡೆಗೂ ಮೂರು ಅಡ್ಡ ಗೆರೆ ಬಿತ್ತು. ಮನೆಗೆ ಬಂದು ಅನ್ನ ಬಾಯಿಗಿಡಲಾಗಲಿಲ್ಲ.

ಸಂಜೆ ಅತ್ತೆ, ತಪ್ಪಿಸಿಕೊಂಡ ಕರು ಹುಡುಕಲು ಗುಡ್ಡ ಹತ್ತಿದರು. ಕಣ್ಣಿಗೆ ಪೊರೆ ಬಂದಿತ್ತು. ಕರುವಿಲ್ಲದೆ, ಏದುಸಿರು ಬಿಡುತ್ತಾ ಇಳಿದು ಬಂದರು.

"ಕೂಸೇ, ಬಂಡೆ ಮ್ಯಾಲೆ ಈಬೂತಿ ಮೂಡದೆ ಕಣೇ! ನಮ್ಮಪ್ಪ ಶಿವ ಬಂದವ್ನೆ!"

ಅದು ಸುಣ್ಣ ಎಂದು ನನಗೆ ಗೊತ್ತಿತ್ತು. ಬಾಯಿ ಬಿಡುವಷ್ಟು ದಡ್ಡಿ ನಾನಲ್ಲ.

ಮಾರನೆಯ ದಿನ ಸೋಮವಾರ ಬೇರೆ. ಬೆಳಗಾಗುವಷ್ಟರಲ್ಲಿ ಊರ ಹೆಂಗಸರೆಲ್ಲ ಮೇಲಿದ್ದರು. ಬಂಡೆಗೆ ಕುಂಕುಮ, ಕಣಗಿಲೆ ಹೂವು, ಒಡೆದ ಕಾಯಿ. ಗಡಿಯಾಚೆಯಿಂದ ಬಂದಿದ್ದ ತಮಿಳು ಕಲ್ಲುಕುಟಿಗರು ಚಪ್ಪಲಿ ಬಿಟ್ಟು ಕೈಮುಗಿದರು. "ಸಾಮಿ ಮೇಲೆ ಉಳಿ ಇಡಕ್ಕಾಗಲ್ಲ ಸಾ," ಎಂದ ಒಬ್ಬ.

ಮೇಸ್ತ್ರಿ ತಲೆ ಚಚ್ಚಿಕೊಂಡ. "ಅಯ್ಯೋ, ಅದು ನಾನೇ ಬಳ್ದಿರೋ ಸುಣ್ಣ ಕಣ್ರವ್ವಾ!"

ಅತ್ತೆ ಅವನನ್ನು ನೋಡಿ ಕೇಳಿದರು: "ನಿನ್ ಕೈಲಿ ಬಳ್ಸಿದೋನು ಯಾರಪ್ಪಾ?"

ಮೇಸ್ತ್ರಿ ಬಕೆಟ್ಟು ಎತ್ತಿಕೊಂಡು ಗುಡ್ಡದ ಪಕ್ಕೆಗೆ ಇಳಿದು ಹೋದ. ನಾನು ಅಲ್ಲೇ ಕೂತು ನಕ್ಕೆ, ಆಮೇಲೆ ಅಳತೊಡಗಿದೆ. ನೆಮ್ಮದಿಗೂ ಅಳು ಬರುತ್ತದೆಂದು ಅವತ್ತೇ ತಿಳಿದದ್ದು.

ಗುಡ್ಡದ ಒಂದು ಪಕ್ಕೆ ಪೂರ್ತಿ ರಸ್ತೆಗೆ ಹೋಯಿತು. ಸುಳ್ಳೇಕೆ, ಆ ರಸ್ತೆಯ ಬಸ್ಸಿನಲ್ಲೇ ನಾನು ತವರಿಗೆ ಹೋಗಿ ಬರುವಂತಾದದ್ದು. ನೆತ್ತಿ ಮಾತ್ರ ಉಳಿಯಿತು.

ಆ ವರ್ಷದ ಮಳೆಗೆ ಗೆರೆಗಳು ತೊಳೆದುಹೋದವು. ಕಲ್ಲೊಡೆಯುವವರು ಇನ್ನೂ ಕೆಳಗೇ ಇದ್ದರು. ಸುಣ್ಣ ಕಲಸಿಕೊಂಡು ನಾನೇ ಹತ್ತಿ, ಮೂರೂ ಗೆರೆಯನ್ನು ದಪ್ಪಗೆ ಎಳೆದೆ. ಬಂಡೆಯ ಆಚೆ, ತವರಿನ ಬದಿಗೆ ಹೋಗಿ ನಿಂತೆ. ದೂರದ ಕಬ್ಬಿನ ಗದ್ದೆಯಲ್ಲಿ ಯಾರೋ ನೀರು ಕಟ್ಟುತ್ತಿದ್ದರು. ಗುದ್ದಲಿ ಊರಿ, ಹಣೆಗೆ ಕೈ ಅಡ್ಡ ಹಿಡಿದು ಬಂಡೆಯ ಕಡೆಗೇ ನೋಡಿದಾಗ ಗೊತ್ತಾಯಿತು, ಅಪ್ಪ.