ಸೆವ್ರಿನ್ ಬಾಯಿ ಗುರ್ಕಾರ್ ಆದದ್ದು

ತ್ರಾಸಿಯ ಸೆವ್ರಿನ್ ರೆಬೆಲ್ಲೊ ಮೂವತ್ತು ವರ್ಷದಿಂದ ಜಗಲಿಯಲ್ಲಿ ಮಿಷನ್ ಇಟ್ಟುಕೊಂಡು ಊರಿನ ರವಿಕೆ, ಲಂಗ ಹೊಲಿಯುತ್ತಿದ್ದಳು. ಅವಳು ನಕ್ಕರೆ ಹೆದ್ದಾರಿಯ ಬಸ್ ಸ್ಟಾಪಿನವರೆಗೂ ಕೇಳುತ್ತಿತ್ತು. ಅಂಥವಳು ಹೋದ ವರ್ಷ ಆಗಸ್ಟಿನ ಒಂದು ಸೋಮವಾರ ಸಪ್ಪೆ ಮೋರೆ ಹಾಕಿಕೊಂಡು ಕುಳಿತಿದ್ದಳು. ಹಿಂದಿನ ದಿನ ಇಗರ್ಜಿಯಲ್ಲಿ ಅವಳ ವಾರ್ಡಿನ ಇಪ್ಪತ್ಮೂರು ಕ್ರೈಸ್ತ ಮನೆಯವರು ಚೀಟಿ ಹಾಕಿ ಅವಳನ್ನೇ ಗುರ್ಕಾರ್ ಮಾಡಿದ್ದರು. ಅಲ್ಲಿಯವರೆಗೆ ಗುರ್ಕಾರ್ ಆದವರೆಲ್ಲ ಕೋಟು ತೊಟ್ಟ ಗಂಡಸರು.

ಮೀನು ಮಾರುವ ಹರಿಣಾಕ್ಷಿ ಜಗಲಿಗೆ ಬುಟ್ಟಿ ಇಳಿಸಿದಳು. "ಹ್ವಾಯ್ ಬಾಯಮ್ಮ, ಎಂತ ಆಯ್ತ್?"

"ನನ್ನನ್ನ ಗುರ್ಕಾರ್ ಮಾಡಿರ್ ಮಾರಾಯ್ತಿ. ಅದೆಂತ ಪೋರ್ಚುಗೀಸರ ದೊಡ್ಡ ಅಧಿಕಾರವೋ ಏನೋ. ನನ್ನಂತೋಳಿಗ್ ಆಪುದಾ?"

"ಎಂತ ಪೋರ್ಚುಗೀಸು! ನಮ್ಮ ಮಾವ ಕೇರಿಗೆ ಗುರಿಕಾರ್ರ್ ಆಯಿದ್ರ್ ಅಲ್ದಾ? ಸಾವಿನ ಮನಿಗೆ ಮೊದ್ಲ್ ಹೋಪುದ್, ಮದಿ ಮನಿಯಂಗೆ ಕಡಿಗ್ ಉಂಬುದ್. ಅಷ್ಟೇ ಕೆಲ್ಸ. ನೀವ್ ಅದನ್ನ ಈಗ್ಳೂ ಮಾಡ್ತ್ರಿ!"

ಸೆವ್ರಿನ್ ಅಂದೇ ಸಂಜೆ ಪಾದ್ರಿಗಳನ್ನು ಕೇಳಿದಳು. ಹರಿಣಾಕ್ಷಿ ಹೇಳಿದ್ದೇ ಸರಿ ಎಂದರು ಅವರು. ಊರಿನ ಒಂದು ಗುಂಪಿಗೆ ಹಿರಿಯನಾದವನು ಗುರಿಕಾರ. ಆ ಮಾತೇ ಕೊಂಕಣಿಯವರ ಬಾಯಲ್ಲಿ ಗುರ್ಕಾರ್ ಆಗಿತ್ತು. ಸೆವ್ರಿನ್ ದಾರಿಯುದ್ದಕ್ಕೂ ನಗುತ್ತಲೇ ಮನೆಗೆ ಬಂದಳು.

ಸೆಪ್ಟೆಂಬರಿನಲ್ಲಿ ಬರುವ ಮೇರಿ ಮಾತೆಯ ಹುಟ್ಟುಹಬ್ಬ, ಮೊಂತಿ ಹಬ್ಬದಂದು, ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಮನೆಮನೆಗೆ ಮುಟ್ಟಿಸುವುದು ಗುರ್ಕಾರರ ಕೆಲಸ. ಇಪ್ಪತ್ತೆರಡು ಮನೆ ಮುಗಿಸಿ ಸೆವ್ರಿನ್ ಮಾರ್ಸೆಲ್ ಅಲ್ಮೇಡಾನ ಗೇಟಿಗೆ ಬಂದಳು. ಒಂಟಿಯಾಗಿದ್ದ ಈ ಮುದುಕ ಯಾವುದೋ ಬೇಲಿಯ ಜಗಳಕ್ಕೆ ಆರು ವರ್ಷದಿಂದ ವಾರ್ಡಿನ ಯಾರನ್ನೂ ಒಳಗೆ ಕರೆದಿರಲಿಲ್ಲ.

"ತೆನೆ ಗೇಟಿಗೇ ಸಿಕ್ಕ್ಸಿ ಹೋಯ್ನಿ," ಎಂದ ಒಳಗಿನಿಂದಲೇ.

"ಮಾಮ್, ನಾನ್ ಸೆವ್ರಿನ್. ಒಳ್ಗ್ ಬತ್ತೆ," ಎನ್ನುತ್ತ ಅವಳು ಗೇಟು ತೆಗೆದೇ ಬಿಟ್ಟಳು. ಮಾರ್ಸೆಲನ ಅಂಗಿಗೆ ಎರಡೇ ಗುಂಡಿ ಇದ್ದವು. ಅವಳು ಕೈಚೀಲದಿಂದ ಸೂಜಿ ದಾರ ತೆಗೆದು, ಅಂಗಿ ಬಿಚ್ಚಿಸಿ, ಅಲ್ಲೇ ಮೆಟ್ಟಿಲಲ್ಲಿ ಕುಳಿತು ಉಳಿದ ಗುಂಡಿಗಳನ್ನು ಹೊಲಿದಳು. ಮುದುಕ ಬನಿಯನ್ನಿನಲ್ಲಿ ನಿಂತು, ಬೇಲಿಯ ಕಥೆಯನ್ನೆಲ್ಲ ಹೇಳಿ ಮುಗಿಸಿದ.

ಅವನು ಮಧ್ಯಾಹ್ನ ಅವಳ ಮನೆಗೇ ಬಂದು ಉಂಡ. ಪಾಯಸವನ್ನು ಮೂರು ಸಲ ಹಾಕಿಸಿಕೊಂಡ. ಕೈ ತೊಳೆಯುತ್ತ ಕೇಳಿದ:

"ವಾರ್ಡಿನ ಮುಂದಿನ ಪ್ರಾರ್ಥನೆ ಯಾರ್ ಮನಿಯಂಗೆ?"

"ನಿಮ್ಮ ಮನಿಯಂಗೆ," ಎಂದಳು ಸೆವ್ರಿನ್.

"ನನ್ ಮನಿಯಂಗ್ ಕುರ್ಚಿ ಒಂದೇ ಇಪ್ಪುದ್!"

"ಅದ್ರಂಗೆ ನೀವ್ ಕೂಕಣಿ. ನಾವ್ ಚಾಪೆ ತಕಂಡ್ ಬತ್ತ್."