ಸೇಡಂ ಕಂಬದ ಕಪ್

ಕಾಕಾರ ಬಲಗೈ ಹೆಬ್ಬೆರಳು ತಂತಿ ಎಳೆದೆಳೆದು ಗೊರಸಿನಂತೆ ಗಟ್ಟಿಯಾಗಿತ್ತು. ಉಗುರು ನಡುವೆ ಉದ್ದಕ್ಕೂ ಸೀಳಿತ್ತು. ಆ ಬೆರಳಿಗೆ ಕಣ್ಣಿಗಿಂತ ಹೆಚ್ಚು ತಿಳಿಯುತ್ತದೆ ಎಂದು ಅವರೇ ಹೇಳಿಕೊಳ್ಳುತ್ತಿದ್ದರು.

ಕಾಕಾ ಅಂದರೆ ದಿಲ್‌ಸುಖ್‌ನಗರದ ನಮ್ಮ ಬಾಡಿಗೆ ಮನೆಯ ಮಾಲೀಕರ ತಂದೆ. ರೈಲು ಹಳಿಯ ಪಕ್ಕದ ತಂತಿ ಕಂಬಗಳನ್ನು ಹತ್ತಿ ಇಳಿದೇ ನೌಕರಿ ಮುಗಿಸಿದವರು. ಆ ಕಂಬಗಳ ತುದಿಯಲ್ಲಿ ತಂತಿ ಕಟ್ಟಲು ಪಿಂಗಾಣಿಯ, ಗಾಜಿನ ಇನ್ಸುಲೇಟರ್‌ಗಳಿರುತ್ತಿದ್ದವಲ್ಲ, ಅವನ್ನು ಅವರು ಕಪ್ ಎನ್ನುತ್ತಿದ್ದರು. ಹಳೆಯ ಕಪ್ ಕೂಡಿಸುವುದೇ ಅವರ ಹುಚ್ಚು. ಮಾಳಿಗೆಯ ಕಟ್ಟೆಯ ತುಂಬ ಬಿಳಿ, ಕಂದು, ಒಂದೆರಡು ಹಸಿರು ಗಾಜಿನವು ಬೋರಲು ಕೂತಿರುತ್ತಿದ್ದವು. ಹಪ್ಪಳ ಒಣಗಿಸಲು ಜಾಗವಿಲ್ಲವೆಂದು ಸೊಸೆ ಗೊಣಗುತ್ತಿದ್ದರು.

ನಾನು ಬಾಗಲಕೋಟೆಯಿಂದ ಮದುವೆಯಾಗಿ ಬಂದ ಹೊಸತು. ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ. ಬಾಯಿ ತುಂಬ ಕನ್ನಡ ಬೇಕೆನಿಸಿದರೆ ಮಾಳಿಗೆ ಹತ್ತುತ್ತಿದ್ದೆ.

"ಬಾ ತಂಗಿ, ಇದರ ದನಿ ಕೇಳು."

ಹೆಬ್ಬೆರಳನ್ನು ಅಂಚಿನ ಸುತ್ತ ಓಡಿಸಿ, ಮಡಕೆ ಕೊಳ್ಳುವವರ ಹಾಗೆ ಗೆಣ್ಣಿನಿಂದ ಬಾರಿಸುವರು. ಟಣ್ ಎಂದರೆ ಗಟ್ಟಿ, ಬದ್ ಎಂದರೆ ಒಳಗೆ ಬಿರುಕು. ಆಮೇಲೆ ಒಳಮೈಯಲ್ಲಿ ಕೆಂಪು ಬಣ್ಣದಿಂದ ಅದರ ಊರು ಬರೆಯುವರು. ಊರು ಗೊತ್ತಾಗದಿದ್ದರೆ ಕೊಂಡ ಪೇಟೆಯ ಹೆಸರು. ಅಂದಾಜಿನಲ್ಲಿ ಒಂದಕ್ಷರ ಬರೆದವರಲ್ಲ.

"ಪಿಂಗಾಣಿ ಸುಳ್ಳು ಹೇಳಂಗಿಲ್ಲ. ಮಾರಾವ ಹೇಳ್ತಾನ," ಎಂದು ನಗುವರು.

ಅಷ್ಟೆಲ್ಲ ಇದ್ದರೂ ಅವರಿಗೆ ಬೇಕಾದದ್ದು ಒಂದೇ. ನೌಕರಿ ಸೇರಿ ಮೊದಲು ಹತ್ತಿದ, ಸೇಡಂ ಹತ್ತಿರದ ಕಂಬದ್ದು. ಅವತ್ತು ಹೊಸ ಹೆಂಡತಿ ಬುತ್ತಿ ತಂದು ಕೆಳಗೆ ನಿಂತಿದ್ದರಂತೆ.

"ಆಕೀನ್ನ ನೋಡಿ ಕೈಯಾಗಿನ ನಟ್ಟು ತಿರುವೋ ಪಾನಾ ಜಾರಿತು. ಕಪ್ಪಿನ ಅಂಚು ಉಗುರಿನಷ್ಟು ಒಡೀತು. ಆಕಿ ನಕ್ಕಳು ನೋಡು, ಭಾಳ ನಕ್ಕಳು."

ಆ ಲೈನು ಕೀಳುವಾಗ ಆಕೆ ಆಸ್ಪತ್ರೆಯಲ್ಲಿದ್ದರು. ಆಕೆ ತೀರಿಕೊಂಡು, ದಿನಕರ್ಮ ಮುಗಿಸಿ ಕಾಕಾ ಹೋಗುವಷ್ಟರಲ್ಲಿ ಎಲ್ಲ ಗುಜರಿಯ ಪಾಲಾಗಿತ್ತು. ಅಲ್ಲಿಂದ ಮುಂದೆ ಗುಜರಿ ಅಂಗಡಿ ಕಂಡಲ್ಲೆಲ್ಲ ಅವರು ಹುಡುಕಿದ್ದು ಅದನ್ನೇ.

ಕೊನೆಯ ವರ್ಷ ಕಣ್ಣು ಮಂಜಾಗಿ, ಮೆಟ್ಟಿಲಿಳಿಯುವುದು ನಿಂತಿತು. "ಕೋಠಿ ಪೇಟೆಗೆ ಹೊಂಟೀಯೇನು? ಒಂಚೂರು ನೋಡ್ಕೊಂಡ್ ಬಾ ತಂಗಿ," ಎನ್ನುವರು. ಪ್ರತಿ ಸಲ ಬರಿಗೈಯಲ್ಲಿ ಬಂದು ಆ ಮುಖ ನೋಡುವುದು ನನ್ನಿಂದಾಗದೆ ಹೋಯಿತು. ಕೋಠಿಯ ಗುಜರಿಯಲ್ಲಿ ಒಂದು ಬಿಳಿ ಕಪ್ ಕೊಂಡೆ. ಮನೆಯಲ್ಲಿ ಕುಟ್ಟಾಣಿಯಿಂದ ಅದರ ಅಂಚು ಒಡೆದೆ. ಒಡಕು ಹೊಸದೆಂದು ಕಾಣದಿರಲಿ ಎಂದು ಸೋಸಿದ ಚಹಾಪುಡಿ ತಿಕ್ಕಿದೆ.

"ಸೇಡಂ ಕಡೀದಂತ್ರಿ ಕಾಕಾ," ಎಂದೆ.

ಅವರ ಹೆಬ್ಬೆರಳು ಅಂಚಿನ ಸುತ್ತ ಓಡಿ, ಒಡಕಿನ ಮೇಲೆ ನಿಂತಿತು. ಬಹಳ ಹೊತ್ತು ನಿಂತಿತು.

"ಸಿಕ್ತಲ್ಲ ತಂಗಿ," ಎಂದರು. ಬಾರಿಸಿ ನೋಡಲಿಲ್ಲ. ಬಣ್ಣದ ಡಬ್ಬಿ ತರಿಸಿಕೊಂಡರು.

ಅಂದಿನಿಂದ ಅದು ಅವರ ದಿಂಬಿನ ಪಕ್ಕದಲ್ಲೇ ಇತ್ತು. ಒಳಗೇನು ಬರೆದಿದ್ದಾರೆಂದು ನೋಡುವ ಧೈರ್ಯ ನನಗಾಗಲಿಲ್ಲ. ಅಂಥವರ ಕೈಯಿಂದ ಸುಳ್ಳು ಬರೆಸಿದೆನಲ್ಲ ಎಂದು ಒಳಗೊಳಗೇ ಬೇಯುತ್ತಿದ್ದೆ.

ಅವರು ತೀರಿಕೊಂಡ ಹದಿನೈದು ದಿನಕ್ಕೆ ಸೊಸೆ ಅದನ್ನು ತಂದು ಕೈಗಿಟ್ಟರು. "ಇದನ್ನ ನಿಮಗ ಕೊಡು ಅಂತ ಮಾವ ಹೇಳಿದ್ರು."

ಅಂಚಿನ ಮೇಲೆ ನನ್ನ ಹೆಬ್ಬೆರಳು ಓಡಿಸಿದೆ. ಒಡಕು ಚುಚ್ಚಿತು. ವರ್ಷಗಟ್ಟಲೆ ಗಾಳಿ ಮಳೆ ತಿಂದ ಒಡಕು ನುಣ್ಣಗಾಗಿರುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಅವರಿಗೆ ಮುಟ್ಟಿದೊಡನೆ ಗೊತ್ತಾಗಿತ್ತು. ಬಯ್ದಿದ್ದರೆ ಎಷ್ಟು ಚೆನ್ನಾಗಿತ್ತು!

ತಿರುವಿ ಒಳಗೆ ನೋಡಿದೆ. ಕೆಂಪು ಅಕ್ಷರಗಳು ನಡುಗಿ ಒಂದರ ಮೇಲೊಂದು ಬಿದ್ದಿದ್ದವು. ಸೇಡಂ ಎಂದಿರಲಿಲ್ಲ.

"ಕೋಠಿ. ಮಗಳು ತಂದದ್ದು."

ಕಾಕಾರಿಗೆ ಹೆಣ್ಣುಮಕ್ಕಳಿರಲಿಲ್ಲ. ಆದರೆ ಕಪ್ಪಿನೊಳಗೆ ಅವರು ಎಂದೂ ಸುಳ್ಳು ಬರೆದವರಲ್ಲ.